ಆಗ್ನೆಸ್ ಬರೆಯದ ಹದಿಮೂರು ಪತ್ರಗಳು

ಕಾರು ನಿಲ್ಲಿಸಿ ಇಂಜಿನ್ ಆರಿಸಿದ ಮೇಲೂ ರಸೆಲ್ ಟೊಮ್ಕೊನ ಬಲಗಾಲು ಕುಣಿಯುವುದನ್ನು ಬಿಡಲಿಲ್ಲ. ಪಿಟ್ಸ್‌ಬರ್ಗಿನಿಂದ ನಾಲ್ಕು ಗಂಟೆಯ ದಾರಿ. ದಾರಿಯುದ್ದಕ್ಕೂ ರೇಡಿಯೊ ಹಾಕುವುದು, ಆರಿಸುವುದು, ಕಿಟಕಿ ಇಳಿಸುವುದು, ಮತ್ತೆ ಏರಿಸುವುದು, ಇದೇ ಅವನ ಕೆಲಸವಾಗಿತ್ತು. ಪಕ್ಕದಲ್ಲಿ ಕೂತ ಹದಿನೇಳರ ಮಗಳು ಆಗ್ನೆಸ್ ತೊಡೆಯ ಮೇಲೆ ಒಂದು ಪ್ಲಾಸ್ಟಿಕ್ ಡಬ್ಬಿ ಇಟ್ಟುಕೊಂಡಿದ್ದಳು. ಡಬ್ಬಿಯ ಮುಚ್ಚಳಕ್ಕೆ ತೂತುಗಳು, ಒಳಗೆ ಎರಡು ಬಸವನಹುಳು.

"ಅದನ್ನ ಕಾರಲ್ಲೇ ಬಿಟ್ಟು ಬಾರಮ್ಮ," ಎಂದ ರಸೆಲ್.

"ಕಾರು ಬಿಸಿಯಾಗತ್ತೆ."

"ಅಕ್ಟೋಬರ್ ತಿಂಗಳು ಕಣೆ. ನನಗೇ ಕೋಟು ಬೇಕಾಗಿದೆ."

"ನೀನು ಬಸವನಹುಳು ಅಲ್ವಲ್ಲ."

ಡಬ್ಬಿಯೂ ಜೊತೆಗೇ ಹೊರಟಿತು.

ಈ ಆಲ್ಡರ್‌ಹಿಲ್ ಕಾಲೇಜು ಅವರು ನೋಡಲು ಬಂದ ಆರನೆಯದು. ಮೊದಲು ನೋಡಿದ್ದು ಊರಿನ ದೊಡ್ಡ ವಿಶ್ವವಿದ್ಯಾಲಯ. ಅಲ್ಲಿ ನಾನೂರು ಜನ ಕೂರುವ ಪಾಠದ ಕೋಣೆಗೆ ಕಾಲಿಟ್ಟವಳೇ ಆಗ್ನೆಸ್ ಎರಡೂ ಕಿವಿ ಮುಚ್ಚಿಕೊಂಡು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದಳು. ಅಂದಿನಿಂದ ಹುಡುಕಾಟ ಸಣ್ಣ ಕಾಲೇಜುಗಳ ಕಡೆ ತಿರುಗಿತು. ಎಲ್ಲ ಸೇರಿ ಸಾವಿರದೈನೂರು ಮಕ್ಕಳು, ತರಗತಿಗೆ ಹನ್ನೆರಡು ಜನ, ಜೀವಶಾಸ್ತ್ರ ಓದುವವರಿಗೂ ತತ್ವಶಾಸ್ತ್ರ, ಸಂಗೀತ ಎಲ್ಲ ಅಷ್ಟಿಷ್ಟು ಉಣಬಡಿಸುವ ಜಾಗಗಳು. ಒಂದರಲ್ಲಿ, ಹಿಂದು ಹಿಂದಕ್ಕೆ ನಡೆಯುತ್ತ ಕಾಲೇಜು ತೋರಿಸುತ್ತಿದ್ದ ಹುಡುಗನನ್ನು ಆಗ್ನೆಸ್ "ಹೀಗೆ ನಡೆದು ಎಷ್ಟು ಸಲ ಬಿದ್ದಿದ್ದೀಯ?" ಎಂದು ಕೇಳಿದಳು. ಇನ್ನೊಂದರಲ್ಲಿ ಎಲ್ಲರೂ ಹೊಸ ಈಜುಕೊಳ ನೋಡುತ್ತಿದ್ದಾಗ ಇವಳು ಹಿಂಭಾಗದ ಒದ್ದೆ ಗೋಡೆಗೆ ಮೂಗು ತಾಗಿಸಿಕೊಂಡು ನಿಂತಿದ್ದಳು. ಪ್ರತಿ ಸಲವೂ ಮನೆಗೆ ಬರುವ ದಾರಿಯಲ್ಲಿ ರಸೆಲ್ ಕೇಳುತ್ತಿದ್ದ, "ಹೇಗನ್ನಿಸ್ತು?" ಅವಳು ಹೇಳುತ್ತಿದ್ದಳು, "ಗೋಡೆ ಚೆನ್ನಾಗಿತ್ತು."

ರಸೆಲ್ ಲಿಫ್ಟ್ ರಿಪೇರಿ ಮಾಡುವವನು. ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ, ಕಾಲೇಜುಗಳ ಲಿಫ್ಟನ್ನು ಮಾತ್ರ ಬೇಕಾದಷ್ಟು ಹತ್ತಿದವನು. ಮಗಳು ವಿಚಿತ್ರ ಎಂಬುದು ಅವನಿಗೆ ಎಂದೂ ಭಾರವಾಗಿರಲಿಲ್ಲ. ಆದರೆ ಹಿಂದಿನ ಚಳಿಗಾಲದಲ್ಲಿ ಅವಳ ಶಾಲೆಯ ಲಿಫ್ಟ್ ಕೆಟ್ಟಿತು. ರಿಪೇರಿಗೆ ಹೋದ ರಸೆಲ್ ಮಧ್ಯಾಹ್ನದ ಊಟದ ಹೊತ್ತಿಗೆ ಲೈಬ್ರರಿಯ ಮುಂದೆ ಹಾದುಹೋದ. ಒಳಗೆ ಜೆರಾಕ್ಸ್ ಯಂತ್ರದ ಹಿಂದೆ ನೆಲದ ಮೇಲೆ ಕೂತು ಆಗ್ನೆಸ್ ಒಬ್ಬಳೇ ಬ್ರೆಡ್ಡು ತಿನ್ನುತ್ತಿದ್ದಳು. ಕಾಗದ ತುಂಬಲು ಬಂದ ಹುಡುಗಿಯೊಬ್ಬಳು ಅವಳನ್ನು ದಾಟಿಕೊಂಡು, ಕುರ್ಚಿಯನ್ನೋ ಬುಟ್ಟಿಯನ್ನೋ ದಾಟುವ ಹಾಗೆ, ಹೋದಳು. ಆಗ್ನೆಸ್ ತಲೆಯೆತ್ತಲಿಲ್ಲ. ಅದು ಅಂದಿನ ಮಾತಲ್ಲ, ಎಷ್ಟೋ ದಿನದ ರೂಢಿ ಎಂದು ಅವಳು ಕಾಲು ಮಡಚಿಕೊಂಡ ರೀತಿಯಲ್ಲೇ ಅವನಿಗೆ ತಿಳಿಯಿತು. ಈ ವಿಷಯ ಅವನು ಹೆಂಡತಿ ಕಾರ್ಲಾಳಿಗೂ ಹೇಳಲಿಲ್ಲ. ಆದರೆ ಅಂದಿನಿಂದ ಅವನಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಕಾಲೇಜಿನ ನಾಲ್ಕು ವರ್ಷವೂ ಅವಳು ಇನ್ನೊಂದು ಯಂತ್ರದ ಹಿಂದೆ ಕೂರಬಾರದು. ಅವನಿಗೆ ಬೇಕಾಗಿದ್ದದ್ದು ಇಷ್ಟೇ.

ಶಾಲೆಯ ಸಲಹೆಗಾರ್ತಿ ತಂದೆತಾಯಂದಿರ ಸಭೆಯಲ್ಲಿ ಒಂದು ಮಾತು ಹೇಳಿದ್ದಳು. ಸಣ್ಣ ಕಾಲೇಜುಗಳು ಎಲ್ಲವನ್ನೂ ಲೆಕ್ಕ ಇಡುತ್ತವೆ. ಯಾರು ಪತ್ರ ಬರೆದರು, ಯಾರು ಪ್ರಶ್ನೆ ಕೇಳಿದರು, ಯಾರು ತಾವು ಕಳಿಸಿದ ಮೇಲ್ ತೆರೆದು ನೋಡಿದರು, ಎಲ್ಲ. ಬಾಯಿ ಬಿಡದ ಮಗುವಿಗೆ ನಮ್ಮಲ್ಲಿ ಆಸೆ ಇಲ್ಲ ಎಂದುಕೊಂಡು ಕೈಬಿಡುತ್ತವೆ. ಮನೆಗೆ ಬಂದು ರಸೆಲ್ ಮಗಳಿಗೆ ಹೇಳಿದ, "ಏನಾದ್ರೂ ಕೇಳಿ ಬರಿಯಮ್ಮ."

"ಏನು ಕೇಳೋದು? ಎಲ್ಲಾ ಅವರ ವೆಬ್‌ಸೈಟಲ್ಲೇ ಇದೆ."

"ಗೊತ್ತಿದ್ರೂ ಕೇಳಬೇಕಂತೆ."

"ಅದು ಸುಳ್ಳು ಹೇಳಿದ ಹಾಗೆ."

ಮಗಳು ಬರೆಯಲಿಲ್ಲ. ಅಪ್ಪ ಬರೆದ. ಆಲ್ಡರ್‌ಹಿಲ್ಲಿಗೆ ಬರೆಯಲು ಅವಳ ಹೆಸರಲ್ಲಿ ಒಂದು ಮೇಲ್ ಖಾತೆ ತೆರೆದು, ಮಧ್ಯಾಹ್ನದ ಬಿಡುವಿನಲ್ಲಿ ಯಾವುದೋ ಕಟ್ಟಡದ ಲಿಫ್ಟಿನ ನೆತ್ತಿಯ ಮೇಲೆ ಕೂತು, ಎಣ್ಣೆ ಮೆತ್ತಿದ ಹೆಬ್ಬೆರಳಿನಿಂದ ಮೊದಲ ಪತ್ರ ಒತ್ತಿದ: "ನಾನು ಆಗ್ನೆಸ್ ಟೊಮ್ಕೊ. ನನಗೆ ಬಸವನಹುಳುಗಳೆಂದರೆ ಪ್ರಾಣ." ಪ್ರವೇಶ ವಿಭಾಗದ ಮಿಸ್ ಕ್ವಿಗ್ಲಿ ಎಂಬಾಕೆ ಮರುದಿನವೇ ಉತ್ತರ ಬರೆದಳು. ಒಂದಕ್ಕೆ ಇನ್ನೊಂದು ಸೇರಿ ಏಪ್ರಿಲಿನಿಂದ ಅಕ್ಟೋಬರಿನವರೆಗೆ ಹದಿಮೂರು ಪತ್ರಗಳಾದವು. ಒಮ್ಮೆ ಆಕೆ ಕೇಳಿದಳು, ಚಿಪ್ಪು ಒಡೆದರೆ ಬಸವನಹುಳು ಏನು ಮಾಡುತ್ತದೆ ಎಂದು. ರಸೆಲ್‌ಗೇನು ಗೊತ್ತು? ಅಂದು ಮನೆಯಲ್ಲಿ ಆಲೂಗಡ್ಡೆ ತುಂಬಿದ ಪಿರೋಗಿ ಕಡುಬು ತಿನ್ನುತ್ತ, ಏನೋ ನೆನಪಾದವನ ಹಾಗೆ ಮಗಳನ್ನೇ ಕೇಳಿದ. ಆಗ್ನೆಸ್ ಫೋರ್ಕು ಕೆಳಗಿಟ್ಟು ನಲವತ್ತು ನಿಮಿಷ ಮಾತಾಡಿದಳು. ಮೈಯಿಂದಲೇ ಸುಣ್ಣ ಒಸರಿಸಿ ಒಳಗಿನಿಂದ ತೇಪೆ ಹಾಕುತ್ತದಂತೆ. ಅದಕ್ಕೆ ಮೊಟ್ಟೆಯ ಚಿಪ್ಪು ಪುಡಿ ಮಾಡಿ ತಿನ್ನಿಸಬೇಕಂತೆ. ಕಾರ್ಲಾ ಎರಡು ಸಲ ಪಿರೋಗಿ ಬಿಸಿ ಮಾಡಿ ತಂದಳು. ಅಷ್ಟು ಮಾತು ಆ ಮೇಜಿನ ಮೇಲೆ ವರ್ಷಗಳಿಂದ ಬಿದ್ದಿರಲಿಲ್ಲ. ಆಮೇಲೆ ರಸೆಲ್ ಪತ್ರಕ್ಕೆ ಬೇಕಿರಲಿ ಬೇಡವಾಗಿರಲಿ, ವಾರಕ್ಕೊಂದು ಪ್ರಶ್ನೆ ಕೇಳತೊಡಗಿದ.

ಪ್ರವೇಶ ವಿಭಾಗ ಒಂದು ಹಳೆಯ ಮರದ ಮನೆಯಲ್ಲಿತ್ತು. ಕಾಯುವ ಕೋಣೆಯಲ್ಲಿ ಬಿಸ್ಕತ್ತಿನ ತಟ್ಟೆ, ಇನ್ನೆರಡು ಕುಟುಂಬಗಳು. ಪಕ್ಕದಲ್ಲಿ ಕೂತ ತಾಯಿಯೊಬ್ಬಳು ರಸೆಲ್ ಕಡೆ ಬಾಗಿದಳು.

"ನಮ್ಮವನು ಈಜೋದು. ನಿಮ್ಮ ಮಗಳದ್ದು ಯಾವ ಆಟ?"

"ಬಸವನಹುಳು," ಎಂದ ರಸೆಲ್.

ಆಕೆ ನಕ್ಕು, ಆಮೇಲೆ ಡಬ್ಬಿ ನೋಡಿ, ನಗು ನುಂಗಿಕೊಂಡು ಕುರ್ಚಿಯನ್ನು ಒಂದು ಗೇಣು ಆಚೆ ಸರಿಸಿದಳು.

ಆಗ್ನೆಸಳನ್ನು ಮಾತಾಡಿಸಬೇಕಾಗಿದ್ದವನು ಒಬ್ಬ ಹೊಸ ಹುಡುಗ. ಹಾಗಂತ ಪತ್ರದಲ್ಲಿ ಕೇಳಿ ಖಚಿತಪಡಿಸಿಕೊಂಡೇ ರಸೆಲ್ ಬಂದಿದ್ದ. ಆದರೆ ಬಾಗಿಲು ತೆರೆದು ಬಂದದ್ದು ಬೂದುಗೂದಲಿನ, ಕಂಬಳಿಯಂಥ ಸ್ವೆಟರ್ ತೊಟ್ಟ ಹೆಂಗಸು.

"ಆಗ್ನೆಸ್! ಅಂತೂ ಮುಖ ನೋಡಿದ ಹಾಗಾಯ್ತು. ಆ ಹುಡುಗನಿಗೆ ಹೇಳಿದೆ, ಇವಳನ್ನ ನಾನೇ ಮಾತಾಡಿಸ್ತೀನಪ್ಪ ಅಂತ. ನಾನು ಕ್ವಿಗ್ಲಿ."

ರಸೆಲ್ ಕುರ್ಚಿಯ ಅಂಚಿಗೆ ಸರಿದ.

"ನಾವು ಮೊದಲು ಭೇಟಿಯಾಗಿದ್ದೀವಾ?" ಎಂದಳು ಆಗ್ನೆಸ್.

"ಪತ್ರದಲ್ಲಿ!" ಎಂದು ನಗುತ್ತ ಮಿಸ್ ಕ್ವಿಗ್ಲಿ ಅವಳನ್ನು ಒಳಗೆ ಕರೆದುಕೊಂಡಳು. ಬಾಗಿಲು ಮುಚ್ಚಿತು. ಮುಚ್ಚುವ ಮುಂಚೆ ಆಗ್ನೆಸ್ ಒಮ್ಮೆ ತಿರುಗಿ ಅಪ್ಪನ ಕಡೆ ನೋಡಿದಳು. ಅವಳ ಹುಬ್ಬು ಗಂಟಾಗಿತ್ತು, ಅಷ್ಟೆ.

ರಸೆಲ್ ಎದ್ದ. ಕೂತ. ಬಿಸ್ಕತ್ತು ತೆಗೆದುಕೊಂಡು ಬಾಯಿಗೆ ಹಾಕಿಕೊಳ್ಳದೆ ಜೇಬಿಗೆ ಹಾಕಿಕೊಂಡ. ಒಳಗೆ ಹೋಗಿ ಮೇಡಂ ತಪ್ಪು ನನ್ನದು ಎನ್ನಲೇ? ಹೋದರೆ ಮಗಳ ಮಾತಿನ ಮಧ್ಯೆ ನುಗ್ಗಿದ ಅಪ್ಪ ಎಂದಾಗುತ್ತದೆ. ಹೋಗದಿದ್ದರೆ? ಆಗ್ನೆಸಳಿಗೆ ಸುಳ್ಳು ಹೇಳಲು ಬಾರದು. ಐದು ವರ್ಷದವಳಿದ್ದಾಗ, ಅಜ್ಜಿ ಕೊಟ್ಟ ಸ್ವೆಟರ್ ಹೇಗಿದೆ ಎಂದರೆ "ಚುಚ್ಚತ್ತೆ" ಎಂದವಳು. ಹೊರಗೆ ಬಂದು ಮೆಟ್ಟಿಲಿಳಿದು ಮನೆಯನ್ನು ಒಂದು ಸುತ್ತು ಹಾಕಿದ. ಎರಡನೆಯ ಸುತ್ತಿನಲ್ಲಿ ಕಿಟಕಿಯೊಂದರಲ್ಲಿ ಮಗಳ ಬೆನ್ನು ಕಂಡಿತು. ಮಿಸ್ ಕ್ವಿಗ್ಲಿ ಯಾವುದೋ ಕಾಗದ ಓದಿ ಹೇಳುತ್ತಿದ್ದಳು. ರಸೆಲ್ ಪೊದೆಯ ಹಿಂದೆ ಬಗ್ಗಿದ. ನಾಯಿ ಅಡ್ಡಾಡಿಸುತ್ತಿದ್ದ ಮುದುಕನೊಬ್ಬ "ಏನಾದ್ರೂ ಕಳ್ಕೊಂಡ್ರಾ?" ಎಂದು ಕೇಳಿದ.

"ಇನ್ನೂ ಗೊತ್ತಿಲ್ಲ," ಎಂದ ರಸೆಲ್.

ಇಪ್ಪತ್ತೈದು ನಿಮಿಷಕ್ಕೆ ಬಾಗಿಲು ತೆರೆಯಿತು. ಆಗ್ನೆಸ್ ನೇರವಾಗಿ ಅಪ್ಪನ ಮುಂದೆ ಬಂದು ನಿಂತಳು. ಕಾಯುವ ಕೋಣೆ ತುಂಬ ಜನರಿದ್ದಾರೆ ಎಂಬುದು ಅವಳಿಗೆ ಲೆಕ್ಕಕ್ಕೇ ಇರಲಿಲ್ಲ.

"ನನ್ನನ್ನ ಎಡಸುತ್ತಿನ ಬಸವನಹುಳು ಅಂತ ಬರೆದಿದ್ದೀಯ."

"ಮರಿ, ಹೊರಗೆ ಹೋಗಿ..."

"ಲಕ್ಷಕ್ಕೊಂದು ಹುಳದ ಚಿಪ್ಪು ಎಡಕ್ಕೆ ಸುತ್ತಿರತ್ತೆ, ಅದಕ್ಕೆ ಜೊತೆ ಸಿಗಲ್ಲ, ನಾನೂ ಹಾಗೇ ಅಂತ. ಅವರು ಓದಿ ಹೇಳಿದ್ರು. ಅವರಿಗೆ ಕಣ್ಣಲ್ಲಿ ನೀರು ಬಂತಂತೆ ಅದನ್ನ ಓದಿ! ಬಸವನಹುಳುಗೆ ಒಂಟಿತನ ಅನ್ನೋದೇ ಇಲ್ಲಪ್ಪ. ಇದೆ ಅಂತ ಯಾರೂ ತೋರಿಸಿಲ್ಲ."

"ನೀನು ಏನಂದೆ ಅವರಿಗೆ?"

"ಇದು ನಾನು ಬರೆದಿದ್ದಲ್ಲ, ನಮ್ಮಪ್ಪಂದು ಅಂದೆ. ಮತ್ತೇನನ್ನಲಿ?"

ಈಜುವವನ ತಾಯಿ ಕೈಯಲ್ಲಿದ್ದ ಪುಸ್ತಕವನ್ನು ಮುಖಕ್ಕೆ ಹಿಡಿದುಕೊಂಡಳು. ಆದರೆ ಪುಟ ಮಗುಚಲಿಲ್ಲ.

ರಸೆಲ್ ಏನೋ ಹೇಳಹೊರಟ. ಆಗ್ನೆಸಳ ದನಿ ತಗ್ಗಿತು; ತಗ್ಗಿದ್ದೇ ಅವನಿಗೆ ಹೆಚ್ಚು ಚುಚ್ಚಿತು. "ಊಟದ ಹೊತ್ತಲ್ಲಿ ನೀನು ಕೇಳ್ತಿದ್ದೆಯಲ್ಲ, ಚಿಪ್ಪು ಒಡೆದರೆ ಏನು, ಹಲ್ಲು ಎಷ್ಟು, ಚಳಿಗಾಲದಲ್ಲಿ ಎಲ್ಲಿ ಹೋಗ್ತಾವೆ ಅಂತ. ನಿನಗೇ ಬೇಕು ಅಂತ ಕೇಳ್ತಿದ್ದೀಯ ಅಂದ್ಕೊಂಡಿದ್ದೆ. ಅವರಿಗೆ ಬರೆಯೋಕೆ ಕೇಳ್ತಿದ್ದೆ."

ಅಲ್ಲ ಎನ್ನಲು ಮೊದಲ ಪ್ರಶ್ನೆ ಅಡ್ಡ ಬಂತು, ಹೌದು ಎನ್ನಲು ಉಳಿದೆಲ್ಲ ಪ್ರಶ್ನೆಗಳು ಅಡ್ಡ ಬಂದವು.

ಅಷ್ಟರಲ್ಲಿ ಮಿಸ್ ಕ್ವಿಗ್ಲಿ ಬಾಗಿಲಿಗೆ ಬಂದಳು. "ಮಿಸ್ಟರ್ ಟೊಮ್ಕೊ, ಒಂದು ನಿಮಿಷ." ಅವನನ್ನು ಮೂಲೆಗೆ ಕರೆದು ಮೆಲ್ಲಗೆ ಹೇಳಿದಳು. "ಆ ಪತ್ರಗಳನ್ನ ಕಡತದಿಂದ ತೆಗೀತೀನಿ. ತೆಗೀಲೇಬೇಕು. ಅವಳ ಹೆಸರಲ್ಲಿ ಈಗ ಇವತ್ತಿನ ಮಾತುಕತೆ ಒಂದೇ ಉಳಿಯೋದು."

"ಅವಳದ್ದೇನೂ ತಪ್ಪಿಲ್ಲ, ಮೇಡಂ."

"ಅದು ನನಗೆ ಗೊತ್ತಾಗಲ್ವಾ? ನಾಲ್ಕನೇ ಪತ್ರದಲ್ಲೇ ಅನುಮಾನ ಬಂದಿತ್ತು ನನಗೆ. ಹಾಸ್ಟೆಲ್ ಕೋಣೆಯ ಹೀಟರ್ ಸರಿ ಇದೆಯಾ, ರಾತ್ರಿ ಕಾವಲಿಗೆ ಯಾರಿರ್ತಾರೆ, ಲಿಫ್ಟನ್ನ ವರ್ಷಕ್ಕೆ ಎಷ್ಟು ಸಲ ಪರೀಕ್ಷೆ ಮಾಡಿಸ್ತೀರಿ? ಯಾವ ಹದಿನೇಳರ ಹುಡುಗಿ ಕೇಳ್ತಾಳೆ ಇದನ್ನ? ಅನುಮಾನ ಬಂದ ದಿನವೇ ನಾನು ಕೇಳಬೇಕಾಗಿತ್ತು. ಪತ್ರ ಚೆನ್ನಾಗಿದ್ವು, ಸುಮ್ಮನಿದ್ದುಬಿಟ್ಟೆ. ನನ್ನದೂ ತಪ್ಪೇ." ಆಮೇಲೆ ದನಿಯೇರಿಸಿ ಕೇಳಿದಳು, "ಹನ್ನೊಂದನೇ ಪತ್ರದಲ್ಲಿ ರಾತ್ರಿ ಹಾಸ್ಟೆಲಲ್ಲಿ ಇರ್ತೀನಿ, ಒಂದು ಹಾಸಿಗೆ ಇಟ್ಟಿರಿ ಅಂತ ಬರೆದಿತ್ತು. ಅದನ್ನೂ ರದ್ದು ಮಾಡಲಾ?"

ಒಂದು ರಾತ್ರಿ ಹಾಸ್ಟೆಲಿನಲ್ಲಿ ಇದ್ದು ನೋಡುವುದು ಇಂಥ ಕಾಲೇಜುಗಳ ಪದ್ಧತಿ. ಹಿಂದಿನ ಐದು ಕಡೆಯೂ ಆಗ್ನೆಸ್ ಒಲ್ಲೆ ಎಂದಿದ್ದಳು. ಇಲ್ಲಿಗೆ ಬಂದ ಮೇಲೆ ಹೇಗಾದರೂ ಪುಸಲಾಯಿಸೋಣ ಎಂದು ರಸೆಲ್ ಅವಳ ಹಲ್ಲುಜ್ಜುವ ಬ್ರಷ್ಷು, ರಾತ್ರಿಯ ಬಟ್ಟೆ ಎಲ್ಲ ಕಾರಿನಲ್ಲಿ ಬಚ್ಚಿಟ್ಟು ತಂದಿದ್ದ. ಈಗ ಅದನ್ನೂ ಹೇಳಬೇಕಾಯಿತು.

"ಬ್ರಷ್ಷೂ ತಂದಿದ್ದೀಯ?" ಎಂದಳು ಆಗ್ನೆಸ್.

"ತಂದಿದ್ದೀನಿ."

ಅವಳು ಅಪ್ಪನನ್ನು ನೋಡಿದಳು, ಬಾಗಿಲಾಚೆಯ ಕಾರನ್ನು ನೋಡಿದಳು. "ನಾನು ಇಲ್ಲೇ ಇರ್ತೀನಿ. ಇಷ್ಟಪಟ್ಟಲ್ಲ. ಇವತ್ತು ನಿನ್ನ ಜೊತೆ ನಾಲ್ಕು ಗಂಟೆ ಕಾರಲ್ಲಿ ಕೂರೋಕೆ ನನ್ನ ಕೈಲಾಗಲ್ಲ."

ಏಳು ತಿಂಗಳಿಂದ ಬೇಕೆಂದು ಹಂಬಲಿಸಿದ್ದು ಕೈಗೆ ಬಂತು, ಬಂದ ರೀತಿ ಮಾತ್ರ ಹೀಗೆ.

ಹೆದ್ದಾರಿ ಪಕ್ಕದ ಮೋಟೆಲಿನಲ್ಲಿ ಅವನು ಮಂಚದ ಮೇಲೆ ಕೂತು ಕಾರ್ಲಾಳಿಗೆ ಫೋನ್ ಮಾಡಿದ. ಕಾರ್ಲಾ ಆಸ್ಪತ್ರೆಯಲ್ಲಿ ನರ್ಸು; ಸಂಜೆಯ ಪಾಳಿಗೆ ಹೊರಟು ನಿಂತಿದ್ದಳು. ಅವನು ಜೆರಾಕ್ಸ್ ಯಂತ್ರದಿಂದ ಹಿಡಿದು ಎಲ್ಲ ಹೇಳಿದ.

"ಹದಿಮೂರು ಪತ್ರ?" ಎಂದಳು ಕಾರ್ಲಾ.

"ಹದಿಮೂರು."

"ಮದುವೆಗೆ ಮುಂಚೆ ನನಗೆ ಎಷ್ಟು ಬರೆದಿದ್ದೆ ಗೊತ್ತಾ? ಒಂದು. ಅದೂ ನಿಮ್ಮಣ್ಣನ ಕೈಲಿ ಬರೆಸಿದ್ದು."

"ಕಾರ್ಲಾ, ನಗಬೇಡ. ಕೆಡಿಸಿಬಿಟ್ಟೆ ಕಣೆ."

"ಯಂತ್ರದ ಹಿಂದೆ ಕೂತಿದ್ದನ್ನ ನನಗೆ ಹೇಳಬೇಕಿತ್ತು ನೀನು. ಅದಕ್ಕೆ ಬೇಜಾರು ನನಗೆ," ಎಂದಳು. ಆಮೇಲೆ, "ಈಗ ಸುಮ್ನಿರು. ಅವಳಿಗೆ ಫೋನ್ ಮಾಡಬೇಡ."

"ಮೆಸೇಜು?"

"ರಸೆಲ್!"

ಅವನು ಮೆಸೇಜು ಕಳಿಸಲಿಲ್ಲ. ಕೋಣೆಯ ಕುರ್ಚಿ ಅಲ್ಲಾಡುತ್ತಿತ್ತು, ಅದರ ತಿರುಪು ಬಿಗಿದ. ಸ್ನಾನದ ಮನೆಯ ನಲ್ಲಿ ತೊಟ್ಟಿಕ್ಕುತ್ತಿತ್ತು, ಅದನ್ನೂ ಸರಿಮಾಡಿದ. ರಿಪೇರಿಗೆ ಏನೂ ಉಳಿಯದೆ ಹೋದಾಗ ಮಲಗಿಕೊಂಡ.

ಬೆಳಿಗ್ಗೆ ಹತ್ತಕ್ಕೆ ಹಾಸ್ಟೆಲಿನ ಮೆಟ್ಟಿಲ ಬಳಿ ಎಂದು ಮಾತಾಗಿತ್ತು. ಒಂಬತ್ತೂಕಾಲಿಗೇ ಅವನು ಅಲ್ಲಿದ್ದ. ಹತ್ತಾಯಿತು, ಹತ್ತೂವರೆಯಾಯಿತು, ಆಗ್ನೆಸ್ ಇಲ್ಲ. ಹೊತ್ತಿಗೆ ತಪ್ಪುವವಳಲ್ಲ ಅವಳು. ಫೋನ್ ಎತ್ತುತ್ತಿಲ್ಲ. ರಾತ್ರಿಯೇ ಎಲ್ಲೋ ಹೊರಟುಹೋದಳೇ? ಯಾವುದೋ ಮೂಲೆಯಲ್ಲಿ ಕಿವಿ ಮುಚ್ಚಿಕೊಂಡು ಕೂತಿದ್ದಾಳೆಯೇ? ರಸೆಲ್ ಮೊದಲು ಹೋದದ್ದು ಲೈಬ್ರರಿಗೆ. ಅಲ್ಲಿನ ಮೂರೂ ಜೆರಾಕ್ಸ್ ಯಂತ್ರಗಳ ಹಿಂದೆ ಬಗ್ಗಿ ನೋಡಿದ. ಕೆಲಸದ ಹುಡುಗಿ "ಕಾಗದ ಸಿಕ್ಕಿಹಾಕ್ಕೊಂಡಿದೆಯಾ ಸಾರ್?" ಎಂದಳು. ಊಟದ ಮನೆ ನೋಡಿದ, ಪ್ರಾರ್ಥನಾ ಮಂದಿರ ನೋಡಿದ. ಕೊನೆಗೆ ಯಾರೋ ಹೇಳಿದರು, ಡಬ್ಬಿ ಹಿಡಿದ ಹುಡುಗಿಯೇ? ವಿಜ್ಞಾನದ ಕಟ್ಟಡದ ನೆಲಮಾಳಿಗೆಯಲ್ಲಿದ್ದಾಳೆ.

ಮೆಟ್ಟಿಲಿಳಿಯುವಾಗಲೇ ಅವಳ ದನಿ ಕೇಳಿಸಿತು. ಅವಳು ಕೂಗುತ್ತಿದ್ದಳು.

ಬಾಗಿಲಲ್ಲಿ ಗಾಜಿನ ಚೌಕವೊಂದಿತ್ತು. ಒಳಗೆ ಉದ್ದನೆಯ ಮೇಜು, ಮೇಜಿನ ಮೇಲೆ ಅವಳ ಡಬ್ಬಿ, ಸುತ್ತ ನಾಲ್ಕು ಜನ. ಅವರಲ್ಲಿ ಅಡ್ಡಡ್ಡ ಗೆರೆಯ ಪಾಯಜಾಮ ತೊಟ್ಟೇ ಬಂದಿದ್ದ ಎತ್ತರದ ಹುಡುಗಿ ರೋವನ್. ಆಗ್ನೆಸಳಿಗೆ ರಾತ್ರಿ ಜಾಗ ಕೊಟ್ಟವಳು.

"ನೀನು ಹೇಳಿದ್ದು ತಪ್ಪು," ಎನ್ನುತ್ತಿದ್ದಳು ರೋವನ್. "ಅದು ನಿದ್ದೆ ಮಾಡ್ತಿದೆ ಅಂತ ಹೇಗೆ ಗೊತ್ತು ನಿನಗೆ? ಸುಮ್ನೆ ಕೂತಿರಬಹುದಲ್ಲ?"

"ಮುಟ್ಟಿದ್ರೆ ತಡವಾಗಿ ಅಲ್ಲಾಡತ್ತೆ! ಮೂರು ಪಟ್ಟು ತಡ!"

"ಎಷ್ಟು ಹುಳದ ಮೇಲೆ ನೋಡಿದೆ?"

"ಒಂಬತ್ತು."

"ಒಂಬತ್ತಾ? ಒಂಬತ್ತು ಹುಳ ಕಟ್ಕೊಂಡು ಜಗಳಕ್ಕೆ ಬಂದ್ಯಾ?"

ರಸೆಲ್‌ನ ಕೈ ಬಾಗಿಲ ಹಿಡಿಗೆ ಹೋಯಿತು. ಮಗಳ ಮುಖ ಕೆಂಡವಾಗಿತ್ತು. ಅವಳ ಶಾಲೆಯಲ್ಲಿ ಯಾರೂ ಅವಳಿಗೆ ತಪ್ಪು ಎಂದವರಿಲ್ಲ. ಅವಳು ಬಾಯಿ ತೆರೆದರೆ ಪಕ್ಕಕ್ಕೆ ಸರಿಯುತ್ತಿದ್ದರು, ಅಷ್ಟೆ. ಒಳಗೆ ನುಗ್ಗಿ ಅವಳನ್ನು ಹೊರಗೆ ಕರೆದುಕೊಂಡು ಬರಬೇಕೆಂದು ಅವನ ಕೈ ಹೇಳಿತು. ಆದರೆ ಆಗ್ನೆಸ್ ಕಿವಿ ಮುಚ್ಚಿಕೊಳ್ಳಲಿಲ್ಲ. ಎದ್ದುಹೋಗಿ ಬೋರ್ಡಿನ ಮೇಲಿದ್ದ ಯಾರದೋ ಲೆಕ್ಕವನ್ನು ತೋಳಿನಿಂದಲೇ ಒರೆಸಿ, ಒಂದು ಗೆರೆ ಎಳೆದು, ಗೆರೆಯ ಕೆಳಗೆ ಅಂಕಿ ಬರೆಯತೊಡಗಿದಳು. ಬರೆದು, ನಿಂತು, ತಾನೇ ಒಂದು ಅಂಕಿ ಅಳಿಸಿದಳು. ರೋವನ್ ಅವಳ ಕೈಯಿಂದ ಪೆನ್ನು ಕಿತ್ತುಕೊಂಡಳು.

ಆಗ ಆಗ್ನೆಸ್ ಗಾಜಿನಾಚೆ ಅಪ್ಪನನ್ನು ಕಂಡಳು. ಬಾಗಿಲು ಒಂದು ಬೆರಳಷ್ಟು ತೆರೆದು, "ಹತ್ತು ನಿಮಿಷ," ಎಂದು ಮತ್ತೆ ಮುಚ್ಚಿದಳು.

ಹತ್ತು ನಿಮಿಷ ಐವತ್ತಾಯಿತು. ರಸೆಲ್ ಆ ಕಟ್ಟಡದ ಲಿಫ್ಟಿನಲ್ಲಿ ಮೇಲಕ್ಕೂ ಕೆಳಕ್ಕೂ ಏಳು ಸಲ ಓಡಾಡಿದ. ಮೂರನೆಯ ಮಹಡಿಯಲ್ಲಿ ಅದು ಅರ್ಧ ಇಂಚು ಕೆಳಗೆ ನಿಲ್ಲುತ್ತಿತ್ತು. ಯಾರಿಗೆ ಹೇಳುವುದೆಂದು ತಿಳಿಯದೆ ಸುಮ್ಮನಾದ.

ಕಾರು ಊರು ದಾಟಿ ಹೆದ್ದಾರಿ ಹಿಡಿಯಿತು. ಹೇಗನ್ನಿಸ್ತು ಎಂದು ಕೇಳಬಾರದೆಂದು ರಸೆಲ್ ನಾಲಿಗೆ ಕಚ್ಚಿ ಹಿಡಿದಿದ್ದ.

"ಊಟ ಕೆಟ್ಟದಾಗಿತ್ತು," ಎಂದಳು ಕೊನೆಗೆ. "ರೋವನ್ ಗೊರಕೆ ಹೊಡೀತಾಳೆ."

"ಹ್ಞೂಂ."

"ಒಂಬತ್ತು ಹುಳ ಸಾಲಲ್ಲ ಅಂದಿದ್ದು ಸರಿ. ನಲವತ್ತಾದ್ರೂ ಬೇಕು. ಮನೆಗೆ ಹೋಗಿ ಮತ್ತೆ ಮಾಡಬೇಕು. ಅವಳಿಗೆ ಬರೆದು ಕಳಿಸ್ತೀನಿ ಅಂದಿದ್ದೀನಿ." ಸ್ವಲ್ಪ ತಡೆದು, "ನಾನೇ ಬರೀತೀನಿ."

"ಆಗಲಿ."

"ಇಲ್ಲಿಗೆ ಅರ್ಜಿ ಹಾಕ್ತೀನಿ. ಕೊನೇ ದಿನ ನವೆಂಬರ್ ಹದಿನೈದು. ಅದನ್ನೂ ನಾನೇ ಬರೆಯೋದು. ನೀನು ಓದಬಾರದು. ಒಂದು ಸಾಲೂ."

"ಕಾಗುಣಿತಕ್ಕೂ?"

"ಕಾಗುಣಿತಕ್ಕೂ! ಬೇಡ ಅಂದ್ರೆ ನನ್ನನ್ನೇ ಬೇಡ ಅನ್ಲಿ ಅವರು. ನಿನ್ನ ಹುಳವನ್ನಲ್ಲ."

ಅವನಿಗೆ ಹೇಳಬೇಕಾಗಿದ್ದದ್ದು ಎಷ್ಟೋ ಇತ್ತು. ಅವಳ ಹೆಸರಲ್ಲೀಗ ಒಂದೇ ಮಾತುಕತೆ ಉಳಿದಿದೆ. ಅದರಲ್ಲಿ ಅವಳು ಹೇಳಿದ್ದು ಅಪ್ಪ ಸುಳ್ಳು ಬರೆದ ಎಂಬುದನ್ನು. ಅದನ್ನು ಅವರು ಹೇಗೆ ತೂಗುತ್ತಾರೋ. "ಬೇಡ ಅಂದ್ರೆ?" ಎಂದಷ್ಟೇ ಕೇಳಿದ.

"ಅಂದ್ರೆ ಅಂದ್ರು," ಎಂದಳು. ಆದರೆ ಆ ಮಾತು ಬರುವ ಮುಂಚೆ ಅವಳು ಡಬ್ಬಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದದ್ದು ಅವನಿಗೆ ಕಾಣಿಸಿತು. ಬೇಡ ಎನ್ನಿಸಿಕೊಂಡರೆ ನೋಯುವಂಥ ಜಾಗವೊಂದು ಅವಳಿಗೆ ಈಗ ಸಿಕ್ಕಿತ್ತು. ಇದಕ್ಕೆ ಸಂತೋಷಪಡಬೇಕೋ ಹೆದರಬೇಕೋ ರಸೆಲ್‌ಗೆ ತಿಳಿಯಲಿಲ್ಲ.

ಪೆಟ್ರೋಲು ಹಾಕಿಸಲು ನಿಲ್ಲಿಸಿದಾಗ ಆಗ್ನೆಸ್ ಲ್ಯಾಪ್‌ಟಾಪ್ ತೆಗೆದು ತೊಡೆಯ ಮೇಲೆ ಬಿಡಿಸಿದಳು. ಪೆಟ್ರೋಲು ತುಂಬಿಸಿ ಮುಗಿದರೂ ಅವಳ ಬೆರಳು ನಿಲ್ಲಲಿಲ್ಲ. ರಸೆಲ್ ಕಾರನ್ನು ಬದಿಗೆ ತಂದು ನಿಲ್ಲಿಸಿದ. ಅವನ ಸೀಟಿನಿಂದ ಪರದೆ ಚೆನ್ನಾಗಿ ಕಾಣುತ್ತಿತ್ತು. ಕಣ್ಣು ತಾನಾಗಿಯೇ ಅತ್ತ ಹೋಗುತ್ತದೆಂದು ಅವನು ಕೆಳಗಿಳಿದು ಬಾಗಿಲು ಹಾಕಿಕೊಂಡ. ಗಾಳಿ ಕೊರೆಯುತ್ತಿತ್ತು. ಕಾಫಿ ತಂದ. ಕಾಫಿ ಕುಡಿದ. ಕಾರಿನ ಮುಂದೆ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ನಡೆದ.

ಕಿಟಕಿ ನಾಲ್ಕು ಬೆರಳು ಇಳಿಯಿತು. ಅವನು ಓಡಿಬಂದ.

"ಏನಮ್ಮಾ? ಏನಾದ್ರೂ ಬೇಕಾ?"

"ಕಣ್ಣಿಗೆ ಅಡ್ಡ ಬರ್ತಿದ್ದೀಯಪ್ಪ. ಯೋಚನೆ ತುಂಡಾಗತ್ತೆ."

ಕಿಟಕಿ ಏರಿತು. ರಸೆಲ್ ಕಾರಿನ ಹಿಂಭಾಗಕ್ಕೆ ಹೋಗಿ, ಅಲ್ಲಿ ನಡೆಯತೊಡಗಿದ.